ರಾಣಿ ಹಾರಿದ ಬುರುಜು

ಕ್ಯಾಸಂಬಳ್ಳಿ
೧೨ ಫೆಬ್ರವರಿ ೨೦೨೪

ವನಿತಾಳ ಅಪ್ಪನಿಗೆ ನಮಸ್ಕಾರ.

ಜೈಲಿನಲ್ಲಿ ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀರಾ? ಕಡಲ ಸೀಮೆಯ ಸೆಕೆ ನಿಮ್ಮ ಮೈಗೆ ಆಗುವುದಿಲ್ಲ, ನೀರು ಚೆನ್ನಾಗಿ ಕುಡಿಯಿರಿ. ವನಿತಾ ನಿಮ್ಮ ಅಂಗಿ ಹೊದ್ದು ಮಲಗುತ್ತಾಳೆ. ಬೈಯಬೇಡಿ, ಒಗೆದು ಇಡುತ್ತೇನೆ.

ಪೊಲೀಸರು ನಿಮ್ಮನ್ನು ಕರೆದೊಯ್ದ ಮರುದಿನ ವೆಂಕಿಯ ಹೆಣ ತರಲು ಬಚ್ಚಪ್ಪಣ್ಣನ ಜೊತೆ ನಾನೂ ಹೋಗಿದ್ದೆ. ಮೇಸ್ತ್ರಿ ಇದ್ದಾನೆ ಎಂದು ನಿಮ್ಮನ್ನು ನಂಬಿ ಮಗನನ್ನು ಕೋಟೆ ಕೆಲಸಕ್ಕೆ ಕಳಿಸಿದವರು ಅವರು. ಮನೆಯಲ್ಲಿ ಕೂರಲು ಮನಸ್ಸಾಗಲಿಲ್ಲ. ಅಣ್ಣ ಮೊದಲು ಮಗ ಬಿದ್ದ ಜಾಗ ನೋಡಬೇಕೆಂದರು. ಕಡಲೊಳಕ್ಕೆ ಚಾಚಿದ ಆ ಕರೀ ಗುಡ್ಡ ಹತ್ತುವಾಗ ಗಾಳಿಗೆ ಸೆರಗು ನಿಲ್ಲಲಿಲ್ಲ. ಕೋಟೆ ಎಂದು ಉಳಿದಿರುವುದು ಮುರುಕು ಗೋಡೆ, ಒಂದು ಬುರುಜು. ನೀವು ರಿಪೇರಿ ಮಾಡುತ್ತಿದ್ದ ಕಡೆ, ನಿಂತು ಕೆಲಸ ಮಾಡಲು ಕಟ್ಟಿದ್ದ ಸಾರುವೆ ಅರ್ಧ ಇನ್ನೂ ನೇತಾಡುತ್ತಿತ್ತು. ಕೆಳಗೆ ನೀರು ಬಂಡೆಗೆ ಬಡಿದು ಬೆಳ್ಳಗೆ ಸಿಡಿಯುತ್ತಿತ್ತು. ಅಣ್ಣ ಅಂಚಿಗೆ ಹೋದಾಗ ಅವರ ಪಂಚೆ ಹಿಡಿದುಕೊಂಡೇ ನಿಂತಿದ್ದೆ.

ಕಂಟ್ರಾಕ್ಟರನ ಕಡೆಯ ಚಲಪತಿ ಅಲ್ಲಿಗೂ ಬಂದ. ಹಿಂದೆ ಶತ್ರುಗಳ ಕೈಗೆ ಸಿಗಬಾರದೆಂದು ರಾಣಿಯೊಬ್ಬಳು ಆ ಬುರುಜಿನಿಂದ ಹಾರಿದಳಂತೆ, ಆಗಾಗ ಒಬ್ಬರನ್ನು ಕರೆದುಕೊಳ್ಳುತ್ತಾಳಂತೆ; ಇದರಲ್ಲಿ ಯಾರ ತಪ್ಪೂ ಇಲ್ಲ ಎಂದ. ಅಣ್ಣ ಕಡಲಿನಿಂದ ಕಣ್ಣು ತೆಗೆಯದೆ, "ನಮ್ಮಪ್ಪ ಕೋರಮಂಡಲ್ ಚಿನ್ನದ ಗಣೀಲಿ ಸತ್ತಾಗ್ಲೂ ಇಂಗೇ ಏಳಿದ್ರು, ಭೂಮ್ತಾಯಿ ತಕೊಂಡ್ಲು ಅಂತ. ಈ ತಾಯಂದ್ರಿಗೆಲ್ಲ ನಮ್ಮೋರೇ ಯಾಕಪ್ಪ ಬೇಕು?" ಎಂದರು. ಗುಡ್ಡದ ಕೆಳಗೆ ಮೀನು ಒಣಹಾಕುತ್ತಿದ್ದ ಮುದುಕಿಯನ್ನು ಕೇಳಿದೆ. ರಾಣಿ ಹಾರಿದ್ದು ನಿಜವಂತೆ, ಅವಳ ಹೆಸರಿನಲ್ಲಿ ಬಳೆ ಇಡುತ್ತಾರಂತೆ. ಆದರೆ ರಾಣಿ ಯಾರನ್ನಾದರೂ ಕರೆದುಕೊಂಡದ್ದನ್ನು ಮುದುಕಿ ಕೇಳಿಲ್ಲವಂತೆ.

ಹೊರಡುವಾಗ ಚಲಪತಿ ನನ್ನನ್ನು ಪಕ್ಕಕ್ಕೆ ಕರೆದು, ವೆಂಕಿ ಕುಡಿದಿದ್ದ ಎಂದು ನಾನು ಪೊಲೀಸರಿಗೆ ಒಂದು ಮಾತು ಹೇಳಿದರೆ ನೀವು ಬೇಗ ಹೊರಗೆ ಬರುತ್ತೀರಿ ಎಂದ. ಆ ಹುಡುಗ ಕುಡಿಯುತ್ತಿರಲಿಲ್ಲ, ನಿಮಗೂ ಗೊತ್ತು. ಆಂಬುಲೆನ್ಸಿನಲ್ಲಿ ದಾರಿಯುದ್ದಕ್ಕೂ ಅಣ್ಣ ಮಗನ ಕಾಲಿನ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದರು. ಬಂಗಾರಪೇಟೆ ದಾಟಿದ ಮೇಲೆ, "ನೀನೇನೂ ಉಂಡಿಲ್ಲ ಕಣಮ್ಮ" ಅಂದರು. ಆ ಮಾತಿಗೆ ನನಗೆ ಅಳು ತಡೆಯಲಾಗಲಿಲ್ಲ.

ದೇವರು ನಿಮ್ಮನ್ನು ಕಾಯಲಿ.

ನಿಮ್ಮ
ರಾಧಾಮಣಿ

ಮರೆತಿದ್ದೆ: ನಿನ್ನೆ ಪೊಲೀಸರು ಮನೆಗೆ ಬಂದಿದ್ದರು. ವೆಂಕಿ ಬೀಳುವ ಹಿಂದಿನ ದಿನ ನೀವು ಫೋನಿನಲ್ಲಿ, "ಸಾರುವೆ ಕಟ್ಟಿರೋ ಅಗ್ಗ ಸವೆದೋಗ್ಯದೆ, ಬೇರೆ ಕೇಳುದ್ರೆ ಕಂಟ್ರಾಕ್ಟರ್ ಕೆಲ್ಸ ಬುಟ್ಟೋಗು ಅಂತಾನೆ, ನಾಳೆ ಒಂದಿನ ಎಂಗೋ ತಳ್ತೀನಿ" ಅಂದಿದ್ದನ್ನು ಹೇಳಿಬಿಟ್ಟೆ. ಇದರಿಂದ ಕಂಟ್ರಾಕ್ಟರನ ಜೊತೆ ನಿಮಗೂ ಶಿಕ್ಷೆಯಾಗಬಹುದು ಎಂದರು. ಆದರೂ ಹೇಳಿಕೆಗೆ ಸಹಿ ಹಾಕಿದೆ. ನೀವೂ ಅದನ್ನೇ ಹೇಳಿ.