ಬರಿ ಅಡಿಗಲ್ಲಿನ ಮೇಲೆ ಎರಡು ಪೆಟ್ಟು

ರೋಣ
೧೩ ಮೇ ೧೯೫೪, ಗುರುವಾರ

ಮಗಳೇ ಸಿದ್ದಲಿಂಗವ್ವ,

ನಿನ್ನ ಅವ್ವನ ಆಶೀರ್ವಾದಗಳು. ಕ್ಷೇಮ ಸಮಾಚಾರ ಮೊದಲು ಬರೆಯಬೇಕಲ್ಲ, ಬರೆಯುತ್ತೇನೆ. ನನ್ನ ಹಣೆ ಸೀಳಿದೆ. ಅರಿಶಿನ ಒತ್ತಿ ಬಟ್ಟೆ ಕಟ್ಟಿಕೊಂಡು ಕುಳಿತಿದ್ದೇನೆ, ಅಕ್ಷರ ಸೊಟ್ಟಗಾದರೆ ನಗಬೇಡ. ಸೀಳಿದವನು ನಿನ್ನ ಗಂಡ. ಇವತ್ತಿನವರೆಗೆ ಗುರುಸಂಗಪ್ಪನವರು, ಅಳಿಯಂದಿರು ಎಂದೇ ಬಾಯಿ ತುಂಬ ಕರೆಯುತ್ತಿದ್ದೆ. ಅದು ಮುಗಿಯಿತು. ಮಧ್ಯಾಹ್ನ ಇಲ್ಲಿಗೆ ಬಂದಿದ್ದವನು ಈಗ ಬಸ್ಸು ಹತ್ತಿ ಗಜೇಂದ್ರಗಡಕ್ಕೆ ನಿನ್ನ ಕಡೆಗೇ ಬರುತ್ತಿದ್ದಾನೆ. ಬರುವವನು ಸುಮ್ಮನೆ ಬರುತ್ತಿಲ್ಲ. ಅದಕ್ಕೇ ಈ ಪತ್ರ. ಬಳೆಗಾರ್ತಿ ಜಮಾಲಬಿ ತನ್ನ ಮಲಾರದಲ್ಲಿ ಬಳೆಗಳ ಅಡಿಗೆ ಇಟ್ಟು ತರುತ್ತಾಳೆ. ಓದಿ ಒಲೆಗೆ ಹಾಕು.

ನನ್ನ ಕಂಬಾರಿಕೆಯ ಹುಚ್ಚಿನ ಬಗ್ಗೆ ಅವನು ನಿನಗೆ ಏನೇನು ಹೇಳಿದ್ದಾನೋ. ನಾನೇ ಹೇಳುತ್ತೇನೆ, ಕೇಳು. ನಿಮ್ಮಪ್ಪ ಹೋದ ಮೇಲೆ ನನಗೊಂದು ಕೆಲಸ ಹುಡುಕಿಕೊಡಲು ಓಣಿಯವರೆಲ್ಲ ಟೊಂಕ ಕಟ್ಟಿದರು. ಕೌದಿ ಹೊಲಿ ಅಂದರು, ಮಠಕ್ಕೆ ಹೋಗಿ ಪುರಾಣ ಕೇಳು ಅಂದರು. ಹೊಲ ಲಾವಣಿಗೆ ಹೋಗಿದೆ, ಗುತ್ತಿಗೆ ಹಣ ಬರುತ್ತದೆ, ಉಂಡುಟ್ಟು ಇರುವುದಕ್ಕೆ ಕೊರತೆ ಇಲ್ಲ, ಇನ್ನೇನು ಬೇಕು ಅಂದರು. ನನಗೆ ಬೇಕಾಗಿದ್ದದ್ದು ಕುಲುಮೆ. ನರಗುಂದದ ನನ್ನ ತವರುಮನೆಯ ಗೋಡೆಗೆ ಹತ್ತಿಯೇ ಕಂಬಾರಸಾಲೆ ಇತ್ತು. ಹುಡುಗಿಯಾಗಿದ್ದಾಗ ಅಲ್ಲಿ ಬೆಂಕಿಗೆ ಗಾಳಿ ಊದುವ ತಿದಿ ಒತ್ತುತ್ತ ಕುಳಿತು ಮನೆಯಲ್ಲಿ ಪೆಟ್ಟು ತಿಂದವಳು ನಾನು. ಕೆಂಪಗೆ ಕಾದ ಕಬ್ಬಿಣ ಪೆಟ್ಟಿಗೆ ಮಣಿಯುವುದನ್ನು ಕಂಡರೆ ಈ ವಯಸ್ಸಿನಲ್ಲೂ ಹೊಟ್ಟೆ ತಣ್ಣಗಾಗುತ್ತದೆ. ಹೊಟ್ಟೆಪಾಡಿಗಲ್ಲ, ನನ್ನ ಖುಷಿಗೆ ಅದನ್ನು ಕಲಿಯಬೇಕು ಅನ್ನಿಸಿತು.

ಕಲಿಸುವವರು ಸಿಗಬೇಕಲ್ಲ! ನಮ್ಮೂರ ಕಂಬಾರ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿನ ಹತ್ತಿರ ಹೆಂಗಸು ಬಂದರೆ ಬೆಂಕಿ ಮುನಿಯುತ್ತದೆ ಅಂದ. ನನ್ನ ಒಲೆಯ ಬೆಂಕಿ ಮೂವತ್ತು ವರ್ಷದಿಂದ ಮುನಿದಿಲ್ಲವಲ್ಲ ಎಂದು ಕೇಳಿ ಬಂದೆ. ಸವಡಿಯ ಕಂಬಾರ ಮರ್ಯಾದೆಯಿಂದ ಚಹಾ ಕೊಟ್ಟ, ಬೆಳಗಿನಿಂದ ಸಂಜೆಯವರೆಗೆ ತನ್ನ ಅಜ್ಜನ ಕಥೆ ಹೇಳಿದ, ಒಂದು ಮೊಳೆ ಮಾಡುವುದನ್ನೂ ತೋರಿಸಲಿಲ್ಲ. ಬೆಳವಣಕಿಯವನು ಒಪ್ಪಿದ. ಅವನ ಅಣ್ಣ ಒಪ್ಪಲಿಲ್ಲ. ನಾನು ಸುತ್ತಿಗೆ ಹಿಡಿದದ್ದನ್ನು ಕಂಡವನೇ ತಮ್ಮನ ಕೆನ್ನೆಗೆ ಬಾರಿಸಿ, ಕಾದ ಇಕ್ಕಳವನ್ನು ನನ್ನ ಕಾಲ ಬಳಿ ಎಸೆದ. ಸೀರೆಯ ನಿರಿಗೆ ಸುಟ್ಟಿತು. ಆ ಸೀರೆ ಉಟ್ಟುಕೊಂಡೇ ಬಸ್ಸು ಹತ್ತಿ ಮನೆಗೆ ಬಂದೆ.

ಸಂಕ್ರಾಂತಿ ಕಳೆದ ಮೇಲೆ ಕೆರೆಯ ದಂಡೆಯಲ್ಲಿ ಘಿಸಾಡಿಗಳು ಬಂದು ಗಾಡಿ ಬಿಟ್ಟರು. ಊರೂರು ತಿರುಗಿ ರೈತರ ಕುಡುಗೋಲು, ಕೊಡಲಿ ತಟ್ಟಿಕೊಡುವ ಕಂಬಾರರು. ಗಂಡ ಅರ್ಜುನಪ್ಪ, ಹೆಂಡತಿ ಸಕ್ಕೂಬಾಯಿ. ಅವರ ಪದ್ಧತಿ ನೋಡಿ ನನ್ನ ಕಾಲುಗಳು ಅಲ್ಲೇ ನಿಂತುಬಿಟ್ಟವು. ಗಂಡ ಕುಳಿತು ಎಡಗೈಯಲ್ಲಿ ಇಕ್ಕಳ ಹಿಡಿಯುತ್ತಾನೆ, ಬಲಗೈಯ ಸಣ್ಣ ಸುತ್ತಿಗೆಯಿಂದ ಎಲ್ಲಿ ಹೊಡೆಯಬೇಕೆಂದು ತೋರಿಸುತ್ತಾನೆ. ದೊಡ್ಡ ಸುತ್ತಿಗೆಯನ್ನು, ಅವರು ಘಣ ಅನ್ನುತ್ತಾರೆ, ಎತ್ತಿ ಹೊಡೆಯುವವಳು ಹೆಂಡತಿ! ನಾನು ಕಲಿಯಬೇಕು ಎಂದಾಗ ಸಕ್ಕೂಬಾಯಿ ನಗಲಿಲ್ಲ, ಬೆಂಕಿ ಮುನಿಯುತ್ತದೆ ಅನ್ನಲಿಲ್ಲ. ಘಣವನ್ನು ನನ್ನ ಕೈಗಿಟ್ಟಳು.

"ಮೊದ್ಲ ಎತ್ತ್ರಿ, ಅವ್ವಾರ. ಎತ್ತಿದ ಮ್ಯಾಲ ಮಾತಾಡೋಣು."

ಸಂಜೆಯ ಹೊತ್ತಿಗೆ ಅಂಗೈಯ ಬೊಬ್ಬೆ ಒಡೆದು ಘಣದ ಹಿಡಿಯೆಲ್ಲ ರಕ್ತವಾಗಿತ್ತು. ಮರುದಿನ ಮತ್ತೆ ಹೋದೆ. ಅವಳು ಕಲಿಸಿದ ಮೊದಲ ಪಾಠ ಹೊಡೆಯುವುದಲ್ಲ, ನಿಲ್ಲುವುದು. ಕುಳಿತವನು ಸಣ್ಣ ಸುತ್ತಿಗೆಯಿಂದ ಕಬ್ಬಿಣವನ್ನು ಬಿಟ್ಟು ಬರಿ ಅಡಿಗಲ್ಲಿನ ಮೇಲೆ ಎರಡು ಪೆಟ್ಟು ಕುಟ್ಟಿದರೆ ಮುಗಿಯಿತು, ಘಣ ಎಲ್ಲಿದೆಯೋ ಅಲ್ಲೇ ನಿಲ್ಲಬೇಕು. ಆಮೇಲೂ ಇಳಿದರೆ ಕಬ್ಬಿಣ ತಿರುಗಿಸುವವನ ಕೈ ಹೋಗುತ್ತದೆ. ಅರ್ಜುನಪ್ಪನ ತಮ್ಮನ ಬೆರಳುಗಳು ಹಾಗೇ ಹೋದವಂತೆ. ಘಣ ನನ್ನ ನೆತ್ತಿಯ ಮೇಲಿದ್ದಾಗಲೇ ಬೇಕೆಂದು ಟಣ್ ಟಣ್ ಅನ್ನಿಸುತ್ತಿದ್ದಳು. ತಡೆಯಲು ಹೋಗಿ ಎಷ್ಟು ಸಲ ಕುಂಡಿ ಊರಿ ಬಿದ್ದೆನೋ! ಬಿದ್ದು ಎದ್ದು ಆ ಸಪ್ಪಳ ನನ್ನ ತೋಳಿಗೆ ಇಳಿಯಿತು.

ಯುಗಾದಿಗೆ ನಾನೇ ಒಂದು ಸಾಮಾನು ಮಾಡಿದೆ. ಬಡಿಗೆಯ ತುದಿಗೆ ಹಾಕುವ ಕಬ್ಬಿಣದ ಕಟ್ಟು. ಪಟ್ಟಿಯನ್ನು ಬಳೆಯಂತೆ ಬಗ್ಗಿಸಿ ಎರಡು ತುದಿಗಳನ್ನು ಬೆಸೆಯಬೇಕು. ನನ್ನ ಬೆಸುಗೆ ಒಂದು ಕಡೆ ಕೂಡಲಿಲ್ಲ, ಜೋಳದ ಕಾಳಿನಷ್ಟು ಬಾಯಿ ಬಿಟ್ಟು ಅಂಚು ಚೂಪಾಗಿ ಮೇಲೆದ್ದಿತು. ಇದನ್ನು ಯಾರಿಗೂ ಕೊಡಬೇಡಿ, ಮತ್ತೆ ಬೆಂಕಿಗೆ ಹಾಕಿರಿ ಎಂದು ಸಕ್ಕೂಬಾಯಿ ಸಾರಿ ಸಾರಿ ಹೇಳಿದಳು. ನನಗೋ ಅಳಿಯನಿಗೆ ತೋರಿಸುವ ಸಡಗರ. ಹಬ್ಬಕ್ಕೆ ಬಂದಾಗ ಅವನ ಬಡಿಗೆಗೆ ನನ್ನ ಕೈಯಾರೆ ಹಾಕಿಕೊಟ್ಟೆ. ಅವನು ನಕ್ಕ. ನೀನು ಆ ಕಟ್ಟನ್ನು ಮುಟ್ಟಿ ನೋಡಿ, ಚಲೋ ಆಗೇದ ಬೇ, ಅಂದೆ. ನಿನಗೆ ನೆನಪಿರಲಿಕ್ಕೇ ಬೇಕು.

ಬಸವ ಜಯಂತಿಯ ಮರುದಿನ ಸಂಜೆ ಕೆರೆಯ ಕಡೆಯಿಂದ ಕೂಗು ಕೇಳಿ ಓಡಿದೆ. ನಾನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮುಖಕ್ಕೆ ಟವೆಲು ಸುತ್ತಿಕೊಂಡ ನಾಲ್ಕೈದು ಗಂಡಸರು ಬಂದು, ನೀವು ತಂಬಿಗೆ ಕದ್ದಿದ್ದೀರಿ ಎಂದು ಗಾಡಿ ಉರುಳಿಸಿ, ತಿದಿ ಹರಿದುಹಾಕಿದ್ದರು. ಸಕ್ಕೂಬಾಯಿಯ ಜಡೆ ಹಿಡಿದು ಎಳೆದಾಡಿದ್ದರು. ಕೂದಲು ಮಣ್ಣಲ್ಲಿ ಕಿತ್ತು ಬಿದ್ದಿತ್ತು. ಅರ್ಜುನಪ್ಪನ ಎಡಗೈಯನ್ನು ಅವನದೇ ಅಡಿಗಲ್ಲಿನ ಮೇಲೆ ಇಬ್ಬರು ಒತ್ತಿ ಹಿಡಿದಿದ್ದರಂತೆ, ಮತ್ತೊಬ್ಬ ಬಡಿಗೆಯಿಂದ ಎಲುಬು ಹೊರಬೀಳುವವರೆಗೆ ಹೊಡೆದನಂತೆ. ಇಕ್ಕಳ ಹಿಡಿಯುವ ಕೈ ಯಾವುದೆಂದು ಗೊತ್ತಿದ್ದವನೇ ಹೊಡೆದದ್ದು. ಇಬ್ಬರನ್ನೂ ನನ್ನ ಚಕ್ಕಡಿಯಲ್ಲಿ ಹಾಕಿಕೊಂಡು ದವಾಖಾನೆಗೆ ಹೋಗಿ, ಅಲ್ಲಿಂದ ನಮ್ಮ ಹಿತ್ತಲಿಗೆ ಕರೆತಂದೆ, ಅವರ ಅಡಿಗಲ್ಲು, ಕುಲುಮೆಯ ಸಾಮಾನನ್ನೂ ತರಿಸಿದೆ. ಫಿರ್ಯಾದಿ ಕೊಡೋಣ ಅಂದರೆ ಅರ್ಜುನಪ್ಪನೇ ಬೇಡವೆಂದು ಕೈಮುಗಿದ. ಪೊಲೀಸರು ಅವರಂಥವರನ್ನು ಮೊದಲು ಕೇಳುವುದು ಕದ್ದದ್ದೆಲ್ಲಿ ಎಂದೇ.

ಅವನ ತೋಳು ತೊಳೆಯುವಾಗ ಕಂಡಿತು. ಒಂದು ಬೆರಳಗಲದ ನೀಲಿ ಪಟ್ಟಿ, ಪಟ್ಟಿಯ ನಡುವೆ ಜೋಳದ ಕಾಳಿನಷ್ಟು ಸೀಳು. ಒಂದಲ್ಲ, ತೋಳಿನುದ್ದಕ್ಕೂ. ತಂಬಿಗೆ ಕೆಳಗಿಟ್ಟು ಒಂದೊಂದೇ ಗಾಯ ನೋಡಿದೆ. ಬೆಸುಗೆ ಕೂಡದ ಕಟ್ಟು ಜಗತ್ತಿನಲ್ಲಿ ನಿನ್ನದೊಂದೇ ಏನು ಎಂದು ನನ್ನನ್ನೇ ಗದರಿಸಿಕೊಂಡೆ.

ನಿನ್ನೆ ಜಮಾಲಬಿ ಬಂದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಒಲೆಯ ಮುಂದೆ ಕುಳಿತು, ನಿನಗೆ ಬಳೆ ಇಡಿಸಲು ಹೋದಾಗ ಕುಪ್ಪಸದ ತೋಳು ಸರಿಸಿ ಕಂಡದ್ದನ್ನು ಹೇಳಿದಳು. ಯುಗಾದಿಯಿಂದ ಈಚೆಗೆ ಮೂರು ಸಲ ಬಳೆ ಇಡಿಸಿದ್ದಾಳೆ, ಮೂರು ಸಲವೂ ಬಳೆಯ ಚೂರುಗಳು ಮಾಂಸದಲ್ಲಿ ಹೂತಿದ್ದವಂತೆ. ಎಮ್ಮೆ ಹಾಯ್ದಿತು ಅಂದೆಯಂತೆ ನೀನು. ಗಾಯ ಹೇಗಿತ್ತೆಂದು ಕೇಳಿದೆ. ಅವಳು ನಾದುವ ಕೊಣಮಿಗೆಯಲ್ಲಿದ್ದ ಜೋಳದ ಹಿಟ್ಟಿನ ಮೇಲೆ ಬೆರಳಿನಿಂದ ಒಂದು ಪಟ್ಟಿ ಎಳೆದು, ನಡುವೆ ಉಗುರು ಒತ್ತಿದಳು. ಆ ಹಿಟ್ಟಿನಲ್ಲಿ ರೊಟ್ಟಿ ಮಾಡಲು ನನ್ನಿಂದಾಗಲಿಲ್ಲ. ನನ್ನ ಮಗಳ ಮೈಮೇಲೆ ನಾನು ಮಾಡಿದ ಕಬ್ಬಿಣ! ನಾನು ಅತ್ತದ್ದು ನಿಮ್ಮಪ್ಪ ಸತ್ತಾಗಲೂ ಅಷ್ಟಲ್ಲ.

ಇವತ್ತು ಅವನೇ ಬಂದ, ನನಗೆ ಬುದ್ಧಿ ಹೇಳಲು. ಬಡಿಗೆಯನ್ನು ಪಡಸಾಲೆಯ ಗೋಡೆಗೆ ಒರಗಿಸಿ ಉಣ್ಣಲು ಕುಳಿತ. ನಾನು ಬಡಿಸಿದೆ. ನಿಮ್ಮ ಅತ್ತೆ ಘಿಸಾಡಿಗಳ ಜೊತೆ ಕಬ್ಬಿಣ ಬಡಿಯುತ್ತಾಳಂತೆ ಎಂದು ಅಡತಿ ಅಂಗಡಿಯಲ್ಲಿ ಜನ ನಗುತ್ತಾರೆ, ಅವರನ್ನು ಹೊರಗೆ ಹಾಕು ಅಂದ. ಹಾಕದಿದ್ದರೆ ಏನು ಮಾಡುತ್ತೀರಿ ಅಂದೆ.

"ಒಂದ್ ಕೈ ಮುರದದ. ಎರಡನೇದ್ದು ಇನ್ನೂ ಐತಿ, ಅತ್ತಿ," ಅಂದು ಮಜ್ಜಿಗೆ ಕೇಳಿದ.

ಮಜ್ಜಿಗೆ ಹಾಕಿದೆ. ಹಾಕಿ, ಗೋಡೆಗಿದ್ದ ಬಡಿಗೆ ತೆಗೆದುಕೊಂಡು ಹಿತ್ತಲಿಗೆ ನಡೆದೆ. ಕಟ್ಟಿನ ಬಾಯಿಯೊಳಗೆ ರಕ್ತ ಒಣಗಿ ಕರ್ರಗಾಗಿತ್ತು, ಎರಡು ಕೂದಲು ಅಂಟಿದ್ದವು. ಉದ್ದನೆಯ ಕೂದಲು, ಸಿದ್ದವ್ವ. ಬಡಿಗೆಯನ್ನು ಅಡಿಗಲ್ಲಿನ ಮೇಲಿಟ್ಟು, ಈ ಕಟ್ಟನ್ನು ಕಡಿದು ತೆಗೆಯೋಣ ಎಂದು ಸಕ್ಕೂಬಾಯಿಗೆ ಹೇಳುತ್ತಿದ್ದೆ, ಅಷ್ಟರಲ್ಲಿ ಎಂಜಲುಗೈಯಲ್ಲೇ ಓಡಿಬಂದ. ಬಡಿಗೆ ಕಸಿದುಕೊಂಡು ಮೊದಲು ಸಕ್ಕೂಬಾಯಿಯ ಹೆಗಲಿಗೆ ಹೊಡೆದ, ಆಮೇಲೆ ನನ್ನ ಹಣೆಗೆ. ಕಣ್ಣಿಗೆ ರಕ್ತ ಇಳಿಯಿತು. ಕುಲುಮೆಯ ಪಕ್ಕ ಕುಳಿತಿದ್ದ ಅರ್ಜುನಪ್ಪ ಇದ್ದೊಂದು ಕೈಯಿಂದ ಅವನ ಧೋತರದ ಚುಂಗು ಹಿಡಿದು ಎಳೆದ. ನಿನ್ನ ಗಂಡ ಮೊಣಕಾಲ ಮೇಲೆ ಬಿದ್ದ. ಬೀಳುವಾಗ ಬಡಿಗೆ ಕೈಬಿಟ್ಟು, ಆಸರೆಗೆಂದು ಬಲಗೈಯನ್ನು ಅಡಿಗಲ್ಲಿನ ಮೇಲೆ ಊರಿದ.

ಘಣ ಆಗಲೇ ನನ್ನ ನೆತ್ತಿಯ ಮೇಲಿತ್ತು. ಹೆದರಿಸಲು ಎತ್ತಿದೆ ಎಂದು ನಿನಗೆ ಸುಳ್ಳು ಹೇಳುವುದಿಲ್ಲ. ಇಳಿಸಬೇಕೆಂದೇ ಎತ್ತಿದ್ದೆ. ಅವನ ಐದೂ ಬೆರಳು ನನ್ನ ಮುಂದೆ ಹರಡಿದ್ದವು, ಒಂದರಲ್ಲಿ ನಿನ್ನ ಲಗ್ನದ ಉಂಗುರಕ್ಕೆ ಜೋಡಿಯಾಗಿ ನಾನೇ ಹಾಕಿಸಿಕೊಟ್ಟ ಉಂಗುರವೂ ಇತ್ತು. ಅದನ್ನೂ ಸೇರಿಸಿ ಚಪ್ಪಟೆ ಮಾಡುವವಳೇ ಇದ್ದೆ.

ಟಣ್ ಟಣ್ ಎಂದು ಕೇಳಿತು. ಸಕ್ಕೂಬಾಯಿ ಸಣ್ಣ ಸುತ್ತಿಗೆಯಿಂದ ಅವನ ಕೈ ಪಕ್ಕದಲ್ಲಿ ಬರಿ ಅಡಿಗಲ್ಲನ್ನು ಕುಟ್ಟಿದ್ದಳು. ನನ್ನ ತೋಳುಗಳು ನನ್ನನ್ನು ಕೇಳದೆ ನಿಂತವು. ಘಣ ಜಾರಿ ಬದಿಯ ಮಣ್ಣಿನಲ್ಲಿ ಹೂತಿತು. ನಾನು ಸಕ್ಕೂಬಾಯಿಯ ಮೇಲೆ ಕೂಗಾಡಿದೆ, ಯಾಕೆ ತಡೆದೆ, ನಿನ್ನ ಗಂಡನ ಕೈ ಮುರಿದವನು ಇವನೇ ಎಂದೆ.

"ಗೊತ್ತದರಿ, ಅವ್ವಾರ. ನೀವು ಹೊಡದ್ರೂ ಹೆಸರು ನಮ್ಮದ ಬರೀತಾರ," ಅಂದಳು.

ಅದು ಖರೆ ಮಾತು. ನನ್ನ ಸಿಟ್ಟಿಗೆ ಅವರಿಬ್ಬರು ಜೈಲಿಗೆ ಹೋಗುತ್ತಿದ್ದರು. ನಿನ್ನ ಗಂಡ ಬೆವರು ಒರೆಸಿಕೊಂಡು ಎದ್ದ. ಬಡಿಗೆ ಎತ್ತಿಕೊಳ್ಳುವ ಧೈರ್ಯ ಆಗಲಿಲ್ಲ. ಹಿತ್ತಲ ಬಾಗಿಲಲ್ಲಿ ನಿಂತು, "ಮಗಳು ನನ್ನ ಮನ್ಯಾಗ ಅದಾಳ, ನೆನಪಿರ್ಲಿ," ಅಂದು ಹೋದ. ಕಟ್ಟನ್ನು ಉಳಿಯಿಂದ ಕಡಿದು ಬೆಂಕಿಗೆ ಹಾಕಿದ್ದೇನೆ.

ಈಗ ನಿನ್ನ ಮಾತು. ಇಲ್ಲಿ ತೀರಿಸಿಕೊಳ್ಳಲಾಗದ ಸಿಟ್ಟನ್ನು ಅವನು ಅಲ್ಲಿ ತೀರಿಸಿಕೊಳ್ಳುತ್ತಾನೆ. ಬಡಿಗೆ ಇಲ್ಲದಿದ್ದರೆ ಒನಕೆ ಸಿಗುತ್ತದೆ. ನೀನು ಅಲ್ಲಿ ಸಾಯುತ್ತೀ, ಮಗಳೇ, ಸತ್ತ ಮೇಲೆ ಎಮ್ಮೆ ಹಾಯ್ದಿತು ಎಂದು ಅವನೂ ಹೇಳುತ್ತಾನೆ. ತವರಿಗೆ ಬಂದು ಕುಳಿತರೆ ಜನ ಏನಂದಾರು ಎಂದು ಯೋಚಿಸುತ್ತಿದ್ದರೆ, ಜನ ಈಗಾಗಲೇ ನನ್ನ ಬಗ್ಗೆ ಅನ್ನುವುದರಲ್ಲಿ ಪುರುಸೊತ್ತಿಲ್ಲದೆ ಇದ್ದಾರೆ. ನಿನ್ನ ಸರದಿ ಬರಲು ವರ್ಷವಾದರೂ ಬೇಕು. ಇಲ್ಲಿ ನಿನಗೆ ಕೆಲಸವೂ ಇದೆ. ಅರ್ಜುನಪ್ಪನ ಕೈ ಹೋದ ಮೇಲೆ ಇಕ್ಕಳ ಸಕ್ಕೂಬಾಯಿ ಹಿಡಿದಿದ್ದಾಳೆ, ಘಣ ನನ್ನದು. ಹರಿದ ತಿದಿಗೆ ತೊಗಲು ಹಚ್ಚಿ ಹೊಲಿದಿದ್ದೇವೆ, ಒತ್ತುವುದಕ್ಕೆ ಗಟ್ಟಿ ಕೈ ಬೇಕು.

ಬರುತ್ತೇನೆ ಎಂದು ಜಮಾಲಬಿಯ ಕಿವಿಯಲ್ಲಿ ಹೇಳಿದರೆ ಸಾಕು. ಸುದ್ದಿ ಬಂದ ಕೂಡಲೇ ಚಕ್ಕಡಿ ಹೂಡಿಸುತ್ತೇನೆ. ಅಲ್ಲಿಯವರೆಗೆ ನಾನು ಇಲ್ಲೇ ಕಾಯುತ್ತಿರುತ್ತೇನೆ.

ನಿನ್ನನ್ನು ಹೊತ್ತು ಹೆತ್ತ,
ಅವ್ವ
ಹೊನ್ನವ್ವ

ತಾ. ಕ.: ಗಜೇಂದ್ರಗಡ, ಶನಿವಾರ ಮುಂಜಾನೆ.
ಕಾಯುತ್ತೇನೆ ಎಂದು ಮೇಲೆ ಬರೆದೆನಲ್ಲ, ಆಗಲಿಲ್ಲ. ಸಹಿ ಹಾಕಿದ ಹಿಂದೆಯೇ ಗಾಡಿ ಹೂಡಿದೆವು. ಜಮಾಲಬಿಯೂ ನಮ್ಮ ಜೊತೆಗೇ ಬಂದಳು. ನಿನ್ನೆಯಿಂದ ಗುಡ್ಡದ ಬುಡದ ಬೇವಿನ ಮರದ ಕೆಳಗೆ ಕುಲುಮೆ ಹೂಡಿದ್ದೇವೆ, ನಿಮ್ಮ ಓಣಿ ಇಲ್ಲಿಂದ ಕಾಣುತ್ತದೆ. ನಾನು ಸಕ್ಕೂಬಾಯಿಯ ಸೀರೆ ಉಟ್ಟಿದ್ದೇನೆ. ನಿನ್ನೆಯೆಲ್ಲ ಮನೆ ಬಿಡದ ನಿನ್ನ ಗಂಡ ಈಗಷ್ಟೇ ಅಡತಿಗೆ ಇದೇ ದಾರಿಯಲ್ಲಿ ಹೋದ. ಘಣ ಎತ್ತುವ ಘಿಸಾಡಿ ಹೆಂಗಸಿನ ಮುಖ ಯಾರು ನೋಡುತ್ತಾರೆ, ಅವನೂ ನೋಡಲಿಲ್ಲ. ನೀನು ನಿನ್ನೆಯಿಂದ ಕೇಳುತ್ತಿರುವ ಸಪ್ಪಳ ನನ್ನದೇ. ಜಮಾಲಬಿ ನಿನ್ನ ಕೈಗೆ ಈ ಪತ್ರ ಕೊಟ್ಟು ಹೊರಬಿದ್ದದ್ದು ಕಂಡ ಮೇಲೆ ಬರಿ ಅಡಿಗಲ್ಲಿನ ಮೇಲೆ ಎರಡು ಪೆಟ್ಟು ಕುಟ್ಟುತ್ತೇನೆ. ಅದು ಕೇಳಿದರೆ ಕೈಯಲ್ಲಿದ್ದದ್ದನ್ನು ಇದ್ದಲ್ಲೇ ಬಿಟ್ಟು ಬಾ. ಹಂಚಿನ ಮೇಲಿನ ರೊಟ್ಟಿ ಹೊತ್ತಿದರೆ ಹೊತ್ತಲಿ.