ಬೀಗದ ಕೈ ಅಪ್ಪನ ಜೇಬಿನಲ್ಲಿರಲಿಲ್ಲ

ಆರ್‌ಪಿಸಿ ಲೇಔಟ್, ವಿಜಯನಗರ
ಬೆಂಗಳೂರು
6 ಆಗಸ್ಟ್ 2024

ಮುದ್ದು ಮಗಳು ಸಂಘಮಿತ್ರಾಳಿಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೆಂದು ನಂಬಿಕೊಂಡು ಈ ಕಾಗದ ಶುರುಮಾಡುತ್ತಿದ್ದೇನೆ. ಇಲ್ಲಿಂದ ರಾಜರಾಜೇಶ್ವರಿನಗರಕ್ಕೆ ಮೆಟ್ರೋದಲ್ಲಿ ನಾಲ್ಕೈದು ಸ್ಟೇಷನ್ನು. ಅಷ್ಟು ದೂರಕ್ಕೆ ಅಮ್ಮ ಕಾಗದ ಬರೆದಿದ್ದಾಳೆಂದು ನಿನ್ನ ರೂಮಿನ ಹುಡುಗಿಯರು ನಗಬಹುದು, ನಗಲಿ. ನೀನು ಹಾಡಿದ ಮಾರನೆಯ ದಿನ ಫೋನ್ ಮಾಡಿ, “ಅಮ್ಮಾ, ಹಾಡು ಹೇಗಿತ್ತು?” ಅಂತ ಕೇಳಿದೆ. “ಚೆನ್ನಾಗಿತ್ತು” ಎಂದು ಹೇಳಿ, ಕುಕ್ಕರ್ ಕೂಗುತ್ತಿದೆ ಅಂತ ಇಟ್ಟುಬಿಟ್ಟೆ. ಕುಕ್ಕರ್ ಕೂಗುತ್ತಿರಲಿಲ್ಲ. ಅದಾಗಿ ಇಪ್ಪತ್ತು ದಿನವಾಯಿತು. ತಡವಾದದ್ದಕ್ಕೆ ಬೇಜಾರಾಗಬೇಡ. ಏನು ಹೇಳಬೇಕೆಂದು ನನಗೇ ಗೊತ್ತಿರಲಿಲ್ಲ. ಈಗಲೂ ಪೂರ್ತಿ ಗೊತ್ತಿಲ್ಲ.

ಆ ಸಂಜೆಯ ಬಗ್ಗೆಯೇ ಮೊದಲು ಬರೆಯುತ್ತೇನೆ. ಅಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಒಂದು ಗಂಟೆ ಮುಂಚೆಯೇ ಬಾಗಿಲಲ್ಲಿ ನಿಂತಿದ್ದರು. ಮಗಳು ಸ್ಟೇಜಿನ ಮೇಲೆ ಹಾಡುತ್ತಾಳೆಂದರೆ ದೊಡ್ಡ ಸಭಾಂಗಣ, ಹಾರ, ಭಾಷಣ ಎಲ್ಲ ಇರುತ್ತದೆ ಅಂತ ಅಂದುಕೊಂಡಿದ್ದರು ಪಾಪ. ನೋಡಿದರೆ ಅದು ಕಾಫಿ ಅಂಗಡಿಯ ಮಹಡಿ. ಬೆನ್ನು ಆನಿಸಲು ಜಾಗವಿಲ್ಲದ ಸ್ಟೂಲುಗಳು. ನಲವತ್ತು ಜನ ಇದ್ದರೇನೋ, ಎಲ್ಲ ನಿನ್ನ ವಯಸ್ಸಿನವರೇ.

ಮೊದಲು ನಿನ್ನ ಗೆಳತಿ ಕವನಾ ಹಾಡಿದಳು. ಲೇಡೀಸ್ ಹಾಸ್ಟೆಲ್ಲಿನ ಗೇಟು ಒಂಬತ್ತಕ್ಕೆ ಮುಚ್ಚುತ್ತದೆ, ಆದರೆ ನನ್ನ ಕನಸಿಗೆ ವಾಚ್‌ಮನ್ ಇಲ್ಲ ಅಂತ. ನನಗೆ ನಗು ಬಂತು. ಆಮೇಲಿನ ಹುಡುಗಿ ಒಬ್ಬ ಹುಡುಗನನ್ನು ಬಿಟ್ಟುಬಂದ ಕಥೆ ಹಾಡಿದಳು. ಅಳುತ್ತಾ ಅಲ್ಲ, ಹಗುರಾಗಿ, ಬಸ್ಸು ಇಳಿದು ಬಂದ ಹಾಗೆ. ಅಪ್ಪ ನನ್ನ ಕಿವಿಯಲ್ಲಿ, “ಇದನ್ನೆಲ್ಲಾ ಹಾಡ್ತಾರಾ?” ಅಂದರು. “ಹಾಡ್ತಾರಂತೆ, ಸುಮ್ನಿರಿ” ಅಂದೆ. ಒಂದು ವಿಷಯ ಗಮನಿಸಿದೆ ಕಣೇ. ನಿಮ್ಮೆಲ್ಲರ ಹಾಡಿನಲ್ಲೂ ‘ನಾನು’ ಇದೆ. ನಾನು ಹೊರಟೆ, ನಾನು ಒಲ್ಲೆ, ನನಗೆ ಬೇಕು. ನಿನ್ನ ಅಜ್ಜಿ, ನನ್ನವ್ವ ಪಟಾಲಮ್ಮ, ನೂರಾರು ಹಾಡು ಕಟ್ಟಿದ್ದಳು. ಒಂದರಲ್ಲೂ ‘ನಾನು’ ಇರಲಿಲ್ಲ. ತನ್ನ ಸಂಕಟವನ್ನೆಲ್ಲ ಯಾವಳೋ ಮದುಮಗಳ ಬಾಯಲ್ಲಿ, ಯಾರದೋ ತಂಗಿಯ ಬಾಯಲ್ಲಿ ಇಟ್ಟು ಹೇಳುತ್ತಿದ್ದಳು. ಯಾವುದು ಹೆಚ್ಚು, ಯಾವುದು ಕಮ್ಮಿ ಅಂತ ಹೇಳಲು ನನಗೆ ತಿಳಿಯದು.

ಕೊನೆಗೆ ನೀನು ಬಂದೆ. ಗಿಟಾರ್ ಸರಿಮಾಡಿಕೊಂಡು, “ಇದು ನಮ್ಮಮ್ಮನ ಹಾಡು, ಅವರು ಇಲ್ಲೇ ಕೂತಿದ್ದಾರೆ” ಎಂದೆ. ಎಲ್ಲರೂ ತಿರುಗಿ ನನ್ನನ್ನೇ ನೋಡಿದರು. ನಾನು ಸೆರಗು ಸರಿಮಾಡಿಕೊಂಡೆ.

ಅಮ್ಮನ ಗಂಟಲಿಗೊಂದು ಬೀಗ,
ಬೀಗದ ಕೈ ಅಪ್ಪನ ಜೇಬಿನೊಳಗೆ,
ಅನ್ನ, ಸಾರು, ಆಫೀಸು, ಬಸ್ಸು,
ಹಾಡೊಂದು ಸತ್ತಿತು ಒಲೆಯ ಕೆಳಗೆ.

ನಿನ್ನ ದನಿ ಎಷ್ಟು ಚೆನ್ನಾಗಿತ್ತು! ಮೇಲಿನ ಸ್ವರಕ್ಕೆ ಹೋದಾಗ ಥೇಟ್ ಅಜ್ಜಿಯದೇ. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ನೀನು ನೋಡಿದೆ, ಹಾಡು ತಾಗಿತು ಅಂದುಕೊಂಡೆ. ಅದು ಹೆಮ್ಮೆಯೋ, ಅವಮಾನವೋ, ನನಗೇ ಗೊತ್ತಾಗಲಿಲ್ಲ. ಮುಗಿದ ಮೇಲೆ ಒಬ್ಬಳು ಹುಡುಗಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡು, “ಆಂಟಿ, ನೀವು ತುಂಬಾ ಅನುಭವಿಸಿದ್ದೀರ” ಅಂದಳು. ಪಕ್ಕದಲ್ಲಿದ್ದ ಅಪ್ಪನ ಮುಖವನ್ನು ಅವಳು ನೋಡಲೇ ಇಲ್ಲ. ಅಪ್ಪ ಖಾಲಿ ಲೋಟ ಹಿಡಿದುಕೊಂಡು ಗೋಡೆಯ ಮೇಲಿನ ಚಿತ್ರ ನೋಡುತ್ತಾ ನಿಂತಿದ್ದರು.

ಮೆಟ್ರೋದಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ನಾಯಂಡಹಳ್ಳಿ ದಾಟಿತು. ಅಪ್ಪ ನಿಧಾನಕ್ಕೆ ಕೇಳಿದರು.

“ಶೋಭಾ, ನಾನ್ ಯಾವತ್ತಾದ್ರೂ ನಿಂಗೆ ಹಾಡ್ಬೇಡ ಅಂದಿದ್ನಾ?”

“ಇಲ್ಲ ರೀ.”

“ಮತ್ತೆ ಮಗು ಯಾಕೆ ಹಂಗ್ ಬರ್ದಳು?”

“ಗೊತ್ತಿಲ್ಲ.”

“ನೀನ್ ಹಾಡ್ತಿದ್ದೆ ಅನ್ನೋದೇ ನಂಗ್ ಗೊತ್ತಿರ್ಲಿಲ್ವಲ್ಲೇ. ಗೊತ್ತಿಲ್ದಿರೋದನ್ನ ಬೇಡ ಅನ್ನೋದ್ ಹೆಂಗೆ?”

ಮಿತ್ರಾ, ಆ ಮನುಷ್ಯ ಮೂವತ್ತು ವರ್ಷ ರಾಜಾಜಿನಗರದ ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಮುಂದೆ ನಿಂತವರು. ನನಗೆ ಆಫೀಸಿಗೆ ಹೊತ್ತಾದರೆ ನಿಮ್ಮಿಬ್ಬರ ಡಬ್ಬಿ ಕಟ್ಟಿದವರು. ನಿನ್ನ ತಮ್ಮ ಸಿದ್ಧಾರ್ಥನಿಗೆ ಹೇಳಿದರೆ, “ಅಮ್ಮಾ, ಅದು ಸುಮ್ನೆ ಹೋಲಿಕೆ ಕಣಮ್ಮ, ಸೀರಿಯಸ್ಸಾಗಿ ತಗೋಬಾರ್ದು” ಅಂದ. ಹೋಲಿಕೆಗೂ ಒಂದು ಜೇಬು ಬೇಕಲ್ಲ, ಅದು ಅಪ್ಪನದೇ ಯಾಕಾಯಿತು?

ತಪ್ಪು ನನ್ನದೂ ಇದೆ. ನಾನು ಹಾಡುತ್ತಿದ್ದೆ, ಆಮೇಲೆ ಬಿಟ್ಟೆ ಅಂತ ಹೋದ ವರ್ಷ ಒಂದೇ ಮಾತಿನಲ್ಲಿ ಹೇಳಿ, ಯಾಕೆ ಎಂದು ನೀನು ಕೇಳಿದಾಗ ಎದ್ದುಹೋದೆ. ಬಿಟ್ಟ ಜಾಗವನ್ನು ನೀನು ನಿನಗೆ ತಿಳಿದ ಹಾಗೆ ತುಂಬಿದೆ. ಈಗ ಹೇಳುತ್ತೇನೆ, ಕೇಳು.

ಆಗ ನಮ್ಮೂರು ಮಲ್ಲತ್ತಹಳ್ಳಿ ಇನ್ನೂ ಹಳ್ಳಿ. ಗೌಡರ ಮನೆಗಳಲ್ಲಿ ಮದುವೆಯಾದರೆ ಸೋಬಾನೆಗೆ ಅಜ್ಜಿಗೇ ಹೇಳಿಕಳಿಸುತ್ತಿದ್ದರು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ನಿಂತ ನಿಲುವಿನಲ್ಲೇ ಬೀಗರ ಮೂಗು, ಮೀಸೆ, ಜಿಪುಣತನ ಎಲ್ಲವನ್ನೂ ಪದ ಕಟ್ಟಿ ನಗಿಸುತ್ತಿದ್ದಳು. ಹೆಣ್ಣು ಒಪ್ಪಿಸುವ ಹೊತ್ತಿಗೆ ಅದೇ ಜನರನ್ನು ಅಳಿಸುತ್ತಿದ್ದಳು. ಆದರೆ ಹಾಡುತ್ತಿದ್ದದ್ದು ಚಪ್ಪರದ ಹೊರಗೆ ನಿಂತು. ಅವಳಿಗೆ ಊಟ, ಎಲ್ಲರದೂ ಮುಗಿದ ಮೇಲೆ, ಹಿತ್ತಿಲಲ್ಲಿ. ಅವಳ ಜೊತೆ ನಾನೂ ನಿಂತು ದನಿ ಸೇರಿಸುತ್ತಿದ್ದೆ, ಒಂದೆರಡು ಪದವನ್ನೂ ಕಟ್ಟಿದ್ದೆ. ನನಗೆ ಹದಿನಾರು ಆದಾಗ ಒಂದು ಮದುವೆಯಲ್ಲಿ ಮನೆಯ ಯಜಮಾನರು, “ಪಟಾಲಿ ಮಗ್ಳೂ ಹಾಡ್ತಾಳೆ ಕಣ್ರೋ, ಇನ್ಮೇಲೆ ಇವ್ಳನ್ನೇ ಕರೀರಿ” ಅಂದರು. ನನಗೆ ಹಿಗ್ಗೋ ಹಿಗ್ಗು. ವಾಪಸು ಬರುವಾಗ ಕೆರೆ ಏರಿಯ ಮೇಲೆ ಅಜ್ಜಿ ನಿಂತುಬಿಟ್ಟಳು.

“ಇವತ್ತೇ ಕೊನೆ ಕಣೇ. ಹಾಡು ನನ್ನ ತಲೆಗೇ ಮುಗೀಲಿ. ಚಪ್ಪಾಳೆ ಹೊಡ್ದೋರು ಯಾರೂ ಒಳಗ್ ಬಾ ಅನ್ನಲ್ಲ. ನೀನು ಕುರ್ಚಿ ಮ್ಯಾಲೆ ಕೂತ್ಕೊಂಡು ಮಾಡೋ ಕೆಲ್ಸ ಕಲಿ.”

ಮುಂದಿನ ವಾರವೇ ವಿಜಯನಗರದ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಕರೆತಂದು ಸೇರಿಸಿದಳು. ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿ ಮೊದಲ ದಿನ ಆ ಕುರ್ಚಿಯಲ್ಲಿ ಕೂತಾಗ ನನಗಾದ ಸಂತೋಷ ಯಾವ ಹಾಡಿನಲ್ಲೂ ಆಗಿರಲಿಲ್ಲ. ನೀನು ಬೀಗ ಅನ್ನುವುದು ನನಗೆ ಬಾಗಿಲಾಗಿತ್ತು ಮಗಳೇ. ಹಾಗಂತ ಬೀಗ ಇರಲೇ ಇಲ್ಲವೇ? ಇಪ್ಪತ್ತು ದಿನದಿಂದ ಇದನ್ನೇ ಯೋಚಿಸುತ್ತಿದ್ದೇನೆ. ಇತ್ತು ಅಂದರೆ ಅಜ್ಜಿಗೆ ಅನ್ಯಾಯವಾಗುತ್ತದೆ. ಇರಲಿಲ್ಲ ಅಂದರೆ ಬಾಯಿ ಕಟ್ಟುತ್ತದೆ.

ನೀನು ಮಾಡಿಸುತ್ತಿರುವ ರೆಕಾರ್ಡಿಂಗ್‌ನಲ್ಲಿ ನಿನ್ನ ಹಾಡಿಗೆ ಮುಂಚೆ ಅಜ್ಜಿಯ ಪದ ನನ್ನ ದನಿಯಲ್ಲಿ ಬೇಕು, ಎರಡು ಸಾಲಾದರೂ ಸಾಕು ಅಂತ ಮೆಸೇಜ್ ಹಾಕಿದ್ದೆಯಲ್ಲ. ಆಗುವುದಿಲ್ಲ ಅಂತ ಉತ್ತರ ಬರೆದು ಅಳಿಸಿದೆ. ಹೆಣ್ಣು ಒಪ್ಪಿಸುವ ಪದವನ್ನು ನೆನಪು ಮಾಡಿಕೊಂಡರೆ ಎರಡು ಸಾಲು ಬಂತು, ಮೂರನೆಯದು ಬರಲಿಲ್ಲ. ಅದಕ್ಕೇ ಹೋದ ಶನಿವಾರ ಮಲ್ಲತ್ತಹಳ್ಳಿಗೆ ಹೋಗಿ ಚಿಕ್ಕಲಕ್ಷ್ಮಮ್ಮನವರನ್ನು ಕಂಡೆ. ಗೌಡರ ಮನೆಯ ಮಗಳು, ಈಗ ಎಪ್ಪತ್ತರ ಹತ್ತಿರ. ಅವರ ಮದುವೆಗೆ ಅಜ್ಜಿಯೇ ಹಾಡಿದ್ದು. ಹಳೆಯ ಮನೆಯ ಜಾಗದಲ್ಲಿ ಮೂರಂತಸ್ತಿನ ಬಾಡಿಗೆ ಮನೆಗಳು ಎದ್ದಿವೆ. ಅವರು ನನ್ನನ್ನು ಒಳಗೆ ಕರೆದು ಸೋಫಾದಲ್ಲಿ ಕೂರಿಸಿ, ತಮ್ಮ ಕೈಯಾರೆ ಕಾಫಿ ಕೊಟ್ಟರು.

“ಪಟಾಲಿ ಮಗ್ಳಾ ನೀನು! ನಿಮ್ಮವ್ವ ಚಪ್ಪರದಾಚೆ ನಿಂತ್ಕೊಂಡ್ ಹಾಡಿದ್ರೆ ಮೈಕೇ ಬೇಕಿರ್ಲಿಲ್ಲ, ಊರಿಗೆಲ್ಲಾ ಕೇಳ್ಸೋದು” ಎಂದು ಪ್ರೀತಿಯಿಂದಲೇ ಹೇಳಿದರು. ಯಾಕೆ ಆಚೆ ನಿಂತಿದ್ದಳು ಎಂಬುದು ಅವರಿಗೆ ಹೊಳೆಯಲೇ ಇಲ್ಲ. ನಾನು ಪದ ಕೇಳಿದ ಕೂಡಲೇ ಕಣ್ಣು ಮುಚ್ಚಿ ಶುರುಮಾಡಿದರು.

ಅತ್ತೆ ಮನೆಯ ಬಾಗಿಲು ತಗ್ಗು, ತಲೆಬಾಗಿ ಹೋಗೆ ತಂಗಿ,
ಒಳಗೆ ಹೋಗಿ ನೆಟ್ಟಗೆ ನಿಲ್ಲೆ, ಸೂರು ಎತ್ತರ ನೋಡೆ ತಂಗಿ,
ಬೈದರೆ ಬೈಸಿಕೊ, ಹೊಡೆದರೆ ಮಾತ್ರ ತೌರಿನ ದಾರಿ ನೆನೆಯೆ ತಂಗಿ.

“ಮದ್ವೆಯಾಗಿ ಮೂರ್ನೇ ವರ್ಷ ನಮ್ಮನೆಯೋರು ಕೈ ಮಾಡಿದ್ರು” ಅಂದರು. “ಆ ಮೂರ್ನೇ ಸಾಲು ಕಿವೀಲಿ ಕೂಗ್ದಂಗಾಯ್ತು ಕಣಮ್ಮ. ಮಗೀನ್ ಎತ್ಕೊಂಡು ನಡ್ಕೊಂಡೇ ಬಂದ್ಬಿಟ್ಟೆ. ಆರ್ ತಿಂಗ್ಳಾದ್ಮೇಲೆ ಅವ್ರೇ ಬಂದು ಕೈಮುಗ್ದು ಕರ್ಕೊಂಡ್ಹೋದ್ರು. ಆಮೇಲೆ ಒಂದ್ ದಿನಾನೂ ಕೈ ಎತ್ತಲಿಲ್ಲ. ಎಲ್ಲಾ ಪಟಾಲಿ ಪುಣ್ಯ.”

ನಾನು ಕಾಫಿ ಲೋಟ ಕೆಳಗಿಟ್ಟೆ. ಅಜ್ಜಿ ಒಮ್ಮೆಯೂ ದಾಟದ ಬಾಗಿಲುಗಳ ಬಗ್ಗೆ ಪದ ಕಟ್ಟಿದಳು. ಅವಳ ಪದ ಒಬ್ಬ ಗೌಡರ ಮಗಳ ಬೆನ್ನಿಗೆ ನಿಂತಿತು. ಆ ಮನೆಯಲ್ಲಿ ಅವಳು ಇವತ್ತಿಗೂ ‘ಪಟಾಲಿ’. ಸಿಟ್ಟು ಮಾಡಲೋ, ಆಯಮ್ಮನ ಕಾಲು ಮುಟ್ಟಲೋ? ಎರಡನ್ನೂ ಮಾಡದೆ, ಬಸ್ ಹಿಡಿದು ಬಂದೆ.

ಮನೆಗೆ ಬಂದು ಅಪ್ಪನ ಮುಂದೆ ಮೂರೂ ಸಾಲು ಹಾಡಿದೆ. ದನಿ ನಡುಗಿತು, ಎರಡು ಕಡೆ ಒಡೆಯಿತು. ಅಪ್ಪ ಟಿವಿ ಆಫ್ ಮಾಡಿ ಕೇಳಿದರು. “ಇಷ್ಟ್ ವರ್ಷ ಎಲ್ಲಿಟ್ಟಿದ್ಯೇ ಇದನ್ನ?” ಅಂದರು. ಅಷ್ಟೇ.

ಭಾನುವಾರ ರೆಕಾರ್ಡಿಂಗಿಗೆ ಬರುತ್ತೇನೆ. ದನಿ ಹೇಗೆ ಬಂದರೂ ಹಾಗೇ ಇರಲಿ, ಮೆಷಿನ್ನಿನಲ್ಲಿ ತಿದ್ದಿಸಬೇಡ. ಪದ ಕಟ್ಟಿದವರು ಪಟಾಲಮ್ಮ ಅಂತ ಪೂರ್ತಿ ಹೆಸರು ಹಾಕಿಸು. ನಿನ್ನ ಹಾಡನ್ನು ಹಾಡಬೇಡ ಅಂತ ನಾನು ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಆ ಮಾತನ್ನು ಒಬ್ಬರು ಹೇಳಿದ್ದೇ ಸಾಕು. ಆದರೆ ಬೀಗದ ಕೈಯನ್ನು ಅಪ್ಪನ ಜೇಬಿನಿಂದ ತೆಗೆದುಬಿಡು. ಎಲ್ಲಿಡಬೇಕು ಅಂತ ಕೇಳಬೇಡ, ನಿನಗೆ ತಿಳಿದರೆ ನನಗೂ ಹೇಳು. ಮತ್ತೆ, ಅಪ್ಪನನ್ನೂ ಬಾಯ್ತುಂಬ ಕರೆ. ನಾನು ಕರೆದರೆ, “ನಾನ್ಯಾಕೆ ಅಲ್ಲಿ?” ಅನ್ನುತ್ತಾರೆ.

ನಿನ್ನ ಗಂಟಲು ತಣ್ಣಗಿರಲಿ. ಕೂತು ಹಾಡು, ನಿಂತು ಹಾಡು, ಎಲ್ಲಿ ಹಾಡಿದರೂ ಒಳಗೆ ಹಾಡು.

ನಿನ್ನ ಅಮ್ಮ,
ಶೋಭಾರಾಣಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ಅಜ್ಜಿ ಆಸ್ಪತ್ರೆಯಲ್ಲಿದ್ದಾಗ ನಿನಗೆ ಹನ್ನೆರಡು ವರ್ಷ. ಒಂದು ಮಧ್ಯಾಹ್ನ ನಮ್ಮ ಆಫೀಸಿನ ಸೂಪರಿಂಟೆಂಡೆಂಟ್ ಉದಯಕುಮಾರ್ ಸಾರ್ ಮತ್ತು ನಾಲ್ಕು ಜನ ಹಣ್ಣು ಹಿಡಿದುಕೊಂಡು ನೋಡಲು ಬಂದಿದ್ದರು. ಅಜ್ಜಿ ನನ್ನ ಮಣಿಕಟ್ಟು ಹಿಡಿದು, “ಶೋಭಾ, ಒಂದು ಸೊಲ್ಲು ಹಾಡೇ” ಅಂದಳು. ಮಾತು ತೊದಲುತ್ತಿತ್ತು, ನನಗೊಬ್ಬಳಿಗೇ ಅರ್ಥವಾಯಿತು. ನನ್ನ ತಾಯಿ ಚಪ್ಪರದ ಹೊರಗೆ ನಿಂತು ಹಾಡುತ್ತಿದ್ದವಳು ಅಂತ ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. “ಏನಂತೆ ಮೇಡಂ ಅಮ್ಮಂಗೆ?” ಅಂತ ಸಾರ್ ಕೇಳಿದರು. “ನೀರು ಕೇಳ್ತಿದಾರೆ ಸಾರ್” ಅಂದೆ. ಒಂದು ಚಮಚ ನೀರು ಅವಳ ಬಾಯಿಗೆ ಬಿಟ್ಟೆ. ಅಜ್ಜಿ ನನ್ನ ಮುಖವನ್ನೇ ನೋಡುತ್ತಾ ಆ ನೀರನ್ನು ನುಂಗಿದಳು. ಮಾರನೆಯ ದಿನ ಬೆಳಗ್ಗೆ ಹೋಗಿಬಿಟ್ಟಳು.