ಅಮ್ಮ ದನಿ ಕೊಟ್ಟ ಮೊದಲ ಕಂತು

ಅಕ್ಟೋಬರ್ ೧೨, ಭಾನುವಾರ

ಪ್ರೀತಿಯ ಮಿಡತೆಗೆ,

ಅಪ್ಪನ ಆಶೀರ್ವಾದಗಳು. ಈ ಹೆಸರಿನಿಂದ ಈಗಲೂ ಕರೆಯಬಹುದೋ ಇಲ್ಲವೋ ಗೊತ್ತಿಲ್ಲ. ಬೇಡವಾದರೆ ಹೇಳು, ಬೇರೆ ಹುಳ ಹುಡುಕೋಣ. ಕೆಲವು ವಾರಗಳಿಂದ ನಿನ್ನ ಮೆಸೇಜುಗಳಿಗೆಲ್ಲ ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾಗಿದ್ದೇನೆ, ತಪ್ಪು ತಿಳಿಯಬೇಡ. ಅಂಗಡಿಯಲ್ಲಿ ಬರೆಯಬೇಕಾದ ಬೋರ್ಡುಗಳು ರಾಶಿ ಬಿದ್ದಿವೆ. ನಲ್ಲಿ ರಿಪೇರಿಯವನಿಗೆ ‘ಸೋರುವ ನಲ್ಲಿಗೆ, ಕರೆಯಿರಿ ಇಲ್ಲಿಗೆ’ ಎಂದು ಚಂದವಾಗಿ ಬರೆದುಕೊಟ್ಟೆ. ಅವನು ಓದಿ, “ಇಲ್ಲಿಗೆ ಅಂದ್ರೆ ಎಲ್ಲಿಗೆ ಸಾರ್?” ಎಂದ. ಪ್ರಾಸದ ಗುಂಗಿನಲ್ಲಿ ವಿಳಾಸಕ್ಕೆ ಜಾಗವನ್ನೇ ಬಿಟ್ಟಿರಲಿಲ್ಲ.

ವಿಷಯಕ್ಕೆ ಬರುತ್ತೇನೆ. ಮೊಣಕಾಲಿನ ಆಪರೇಷನ್ ಆದಮೇಲೆ ನೀನು ಫೋನಿನಲ್ಲಿ, “ಅಪ್ಪ, ವಾಲಿಬಾಲ್ ವಿಷಯ ಒಂದು ಬಿಟ್ಟು ಬೇರೆ ಏನಾದ್ರೂ ಮಾತಾಡು” ಎಂದೆಯಲ್ಲ, ಅಂದಿನಿಂದ ನಾವಿಬ್ಬರೂ ಹವಾಮಾನದ ಬಗ್ಗೆ ಆಡಿರುವಷ್ಟು ಮಾತನ್ನು ಹವಾಮಾನ ಇಲಾಖೆಯವರೂ ಆಡಿರಲಾರರು. ನನಗೆ ಸಾಕಾಗಿದೆ ಮಗಳೇ. ನಿನ್ನ ಜೊತೆ ಮಾತಾಡಲು ನನಗೆ ಇದ್ದದ್ದೇ ಅದೊಂದು ವಿಷಯ. ಡಾಕ್ಟರು ಇನ್ನು ನೆಗೆಯಬೇಡ ಎಂದದ್ದು ನಿನ್ನ ಕಾಲಿಗೆ. ಅದೇ ಪಟ್ಟಿಯನ್ನು ನನ್ನ ಬಾಯಿಗೂ ಕಟ್ಟಿದರೆ ಹೇಗೆ? ಅದಕ್ಕೇ ಈ ಕಾಗದ. ನೀನು ಅರ್ಧ ಓದಿ ಮಡಿಸಿಟ್ಟರೂ, ಫೋನ್ ಕಟ್ಟಾದ ಸದ್ದು ನನಗೆ ಕೇಳಿಸುವುದಿಲ್ಲ.

ನಮ್ಮ ಜಪಾನಿ ವಾಲಿಬಾಲ್ ಕಾರ್ಟೂನಿನ ಹೊಸ ಸೀಸನ್ ಬಂದಿದೆ. “ಕಾರ್ಟೂನ್ ಅಲ್ಲ ಅಪ್ಪ, ಅನಿಮೆ” ಎಂದು ನೀನು ತಿದ್ದಿದ್ದು ಇಲ್ಲಿಗೇ ಕೇಳಿಸಿತು. ಮೊದಲ ಕಂತು ನೋಡಿದೆ. ನೋಡಿದ ಕೂಡಲೇ ಅನ್ನಿಸಿದ್ದು, ಎಲ್ಲರೂ ಸೊರಗಿದ್ದಾರೆ. ಚಿತ್ರ ಬರೆಯುವ ಕಂಪನಿ ಬದಲಾಗಿದೆಯಂತೆ. ಬಣ್ಣದಲ್ಲೇ ಕೈ ಅದ್ದಿಕೊಂಡಿರುವವನಾಗಿ ಹೇಳುತ್ತೇನೆ, ಆ ಅಂಕಣದ ಮರದ ನೆಲಕ್ಕೆ ಮೊದಲಿದ್ದ ಜೇನಿನ ಬಣ್ಣ ಹೋಗಿ ಈಗ ಬ್ಯಾಂಕಿನ ಟ್ಯೂಬ್‌ಲೈಟಿನ ಬೆಳಕು ಬಿದ್ದಿದೆ. ಶುರುವಿನ ಹಾಡೂ ಬೇರೆ. ಹಳೆಯದಕ್ಕೆ ಅರ್ಥ ಗೊತ್ತಿಲ್ಲದೆಯೇ ನಾವು ಪ್ರಾಸ ಕಟ್ಟಿ ಜೊತೆಗೂಡುತ್ತಿದ್ದೆವು. ಇದರಲ್ಲಿ ಎಲ್ಲಿ ಬಾಯಿ ಹಾಕಬೇಕೋ ತಿಳಿಯಲಿಲ್ಲ. ಇಡೀ ಕಂತಿನಲ್ಲಿ ಚೆಂಡು ಒಮ್ಮೆಯೂ ನೆಟ್ ದಾಟುವುದಿಲ್ಲ. ಸೋತು ಬಂದ ಹುಡುಗಿಯರು ನೆಲ ಒರೆಸುತ್ತಾರೆ, ಅಷ್ಟೇ. ಮೊದಲು ರೇಗಿತು, ಆಮೇಲೆ ಅದೇ ಹಿಡಿಸಿತು. ಒಂದೇ ಸಾಲಿನ ವಿಮರ್ಶೆ ಬೇಕಿದ್ದರೆ, ಗೆರೆ ತೆಳುವು, ಕಥೆ ಚೆಲುವು.

ನನ್ನ ಇಂಗ್ಲಿಷ್ ನಿನಗೆ ಗೊತ್ತೇ ಇದೆ. ಪರದೆಯ ಕೆಳಗೆ ಬರುವ ಸಾಲನ್ನು ಓದಿ ಮುಗಿಸುವಷ್ಟರಲ್ಲಿ ಮೇಲಿನವರು ಸೆಟ್ ಗೆದ್ದಿರುತ್ತಾರೆ. ನೀನು ಶಾಲೆಯಲ್ಲಿದ್ದಾಗ ಮಂಚದ ಮೇಲೆ ನಿಂತು ಎಲ್ಲರ ಮಾತನ್ನೂ ಕನ್ನಡದಲ್ಲಿ ಹೇಳುತ್ತಿದ್ದೆ. ಜಪಾನಿ ಹೆಸರುಗಳು ನನ್ನ ನಾಲಿಗೆಗೆ ಹತ್ತಲಿಲ್ಲವೆಂದು ಹೆಸರೂ ನೀನೇ ಇಟ್ಟೆ. ತಂಡದ ನಾಯಕಿ ಉದ್ದಕ್ಕನಿಗೆ ಕೆಳಗಿನ ಮನೆ ಟೀಚರಮ್ಮನ ದನಿ, ಕೋಚ್ ತಾತನಿಗೆ ನೆಗಡಿ ಹಿಡಿದ ನನ್ನ ದನಿ, ಗಿಡ್ಡಿಗೆ ಮಾತ್ರ ನಿನ್ನದೇ. ಸ್ಮ್ಯಾಷ್ ಬಂದಾಗಲೆಲ್ಲ ಮಂಚದಿಂದ ನೆಗೆಯುತ್ತಿದ್ದೆ. ಟೀಚರಮ್ಮ ಪೊರಕೆ ಹಿಡಿಯಿಂದ ತಮ್ಮ ಚಾವಣಿಗೆ ಕುಟ್ಟುತ್ತಿದ್ದರು. ಮಿಡತೆ ಎಂಬ ಹೆಸರು ಬಿದ್ದದ್ದು ಆಗಲೇ.

ಈ ಸಲ ನಾನು ಸಾಲು ಸಾಲಿಗೂ ನಿಲ್ಲಿಸಿ ಓದುತ್ತಿದ್ದೆ. ಪಕ್ಕದಲ್ಲೇ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದ ನಿಮ್ಮಮ್ಮ ಮಷಿನ್ ನಿಲ್ಲಿಸಿದಳು.

“ಏನ್ರೀ ಇದು, ಕೆಟ್ಟು ನಿಂತ ಗಾಡಿ ತಳ್ಳಿದ ಹಾಗೆ? ಓಡಲಿ ಬಿಡಿ, ನಾನು ಹೇಳ್ತೀನಿ.”

“ನಿನಗೆ ಇಂಗ್ಲಿಷ್ ಯಾವಾಗ ಬಂತು?”

“ಮುಖ ನೋಡಿದ್ರೆ ಗೊತ್ತಾಗಲ್ವಾ?”

ಹಾಗೆ ಅಮ್ಮ ದನಿ ಕೊಡಲು ಕೂತಳು. ಕೋಚ್ ತಾತ ಕಿರುಚಿದರೆ, “ಊಟ ಮಾಡ್ದೆ ಯಾಕ್ರೇ ಬಂದ್ರಿ?” ಉದ್ದಕ್ಕ ಕಣ್ಣೀರು ಹಾಕಿದರೆ, “ಈ ಅಂಗಿ ಯಾವ ಪುಣ್ಯಾತ್ಮ ಹೊಲಿದನೋ, ಕೈ ಎತ್ತಿದ್ರೆ ಕಂಕುಳಲ್ಲಿ ಹಿಡಿಯತ್ತೆ.” ನಾನು ನಕ್ಕು ನಕ್ಕು ಕನ್ನಡಕ ಒರೆಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಗಿಡ್ಡಿ ಒಬ್ಬಳೇ ಬೆಂಚಿನ ಮೇಲೆ ಕೂತು ಶೂ ಬಿಚ್ಚುತ್ತ ಏನೋ ಗೊಣಗಿದಳು. ಅಮ್ಮ ಟಿವಿಯ ಹತ್ತಿರಕ್ಕೆ ಸರಿದಳು. ಆಮೇಲೆ ಮೆಲ್ಲಗೆ ಹೇಳಿದಳು: “ಹೇಗಿದ್ದೀಯ ಅಂತ ಯಾರೂ ಕೇಳ್ಬೇಡಿ. ಕೇಳಿದ್ರೆ ಚೆನ್ನಾಗಿದ್ದೀನಿ ಅನ್ಬೇಕಾಗತ್ತೆ.”

ಅವಳು ಅಡುಗೆಮನೆಗೆ ಹೋದಮೇಲೆ ಹಿಂದಕ್ಕೆ ತಿರುಗಿಸಿ ಓದಿದೆ. ಗಿಡ್ಡಿ ನಿಜವಾಗಿ ಹೇಳಿದ್ದು, ನಾಳೆ ಗಣಿತದ ಪರೀಕ್ಷೆ ಇದೆ ಎಂದು. ಅಮ್ಮನಿಗೆ ಅದನ್ನು ತಿಳಿಸಲು ಹೋಗಲಿಲ್ಲ.

ಆದ್ದರಿಂದ ನಾನೂ ಹೇಗಿದ್ದೀಯ ಎಂದು ಕೇಳುವುದಿಲ್ಲ. ರಜೆಗೆ ಬಾ. ಮನಸ್ಸಿದ್ದರೆ ಮೂವರೂ ಕೂತು ನೋಡೋಣ, ಇಲ್ಲದಿದ್ದರೆ ಟಿವಿಗೆ ಬಟ್ಟೆ ಹೊದಿಸಿಡೋಣ. ಈ ಕಾಗದಕ್ಕೆ ಬೈಯುವುದಿದ್ದರೂ ಬೈ, ಹವಾಮಾನಕ್ಕಿಂತ ಅದೇ ಮೇಲು. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೋ. ಮೊಣಕಾಲಿಗೆ ಬಲ, ಮನಸ್ಸಿಗೆ ಗೆಲುವು, ಹಾಸ್ಟೆಲ್ ಅಡುಗೆಗೆ ಒಂದಿಷ್ಟು ಉಪ್ಪು, ಎಲ್ಲವೂ ನಿನಗೆ ಸಿಗಲಿ.

ಇಂತಿ ನಿನ್ನ,
ಅಪ್ಪ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಹೋದ ವಾರ ನಿನ್ನ ಕಾಲೇಜಿನ ತಂಡ ನಮ್ಮೂರಿಗೆ ಆಡಲು ಬಂದಿತ್ತು. ನಿನಗೆ ಗೊತ್ತಿತ್ತು, ನೀನು ಹೇಳಲಿಲ್ಲ. ನನಗೂ ಗೊತ್ತಾಯಿತು, ನಾನೂ ಹೇಳಲಿಲ್ಲ. ಬಣ್ಣ ತರುತ್ತೇನೆಂದು ಅಂಗಡಿಯಿಂದ ಹೊರಟವನು ಮೈದಾನಕ್ಕೆ ಹೋದೆ. ನಿನ್ನ ಏಳನೇ ನಂಬರಿನ ಜರ್ಸಿಯನ್ನು ಬೇರೊಬ್ಬಳಿಗೆ ಕೊಟ್ಟಿದ್ದಾರೆ. ಚೆನ್ನಾಗಿ ಆಡುತ್ತಾಳೆ. ನೆಲಕ್ಕೆ ಬೀಳಲಿದ್ದ ಚೆಂಡೊಂದನ್ನು ಅವಳು ಎತ್ತಿದಾಗ ನಾನು ಎದ್ದು ನಿಂತು ಕೂಗಿದೆ. ಬಾಯಿಂದ ಬಂದದ್ದು ನಿನ್ನ ಹೆಸರು. ಪಕ್ಕದಲ್ಲಿದ್ದವರು ಅವಳ ಕಡೆ ತೋರಿಸಿ, “ನಿಮ್ಮ ಮಗಳಾ ಸಾರ್?” ಎಂದು ಕೇಳಿದರು. ಹೌದು ಎಂದುಬಿಟ್ಟೆ. ಪಂದ್ಯ ಮುಗಿಯುವವರೆಗೂ ಅವಳ ಅಪ್ಪನಾಗಿಯೇ ಕೂತಿದ್ದೆ.